ಕಳಸದವರೆಗೆ ಬೆಳಕಿನ ದಾರಿ

2013ರಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ಎರಡು ಸಂಗತಿ ನಡೆದವು. ಜುಲೈ 14ರ ರಾತ್ರಿ ದೇಶದ ತಂತಿ ಸೇವೆ ಕೊನೆಗೊಂಡಿತು. ನವೆಂಬರ್ 19ರಂದು ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡಾಟ ಶುರುವಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಹಳಿ ಹೋದ ಕಡೆಗೆಲ್ಲ ಪಕ್ಕದಲ್ಲೇ ತಂತಿ ಕಂಬಗಳೂ ಸಾಲುಗಟ್ಟಿ ಹೋಗುತ್ತಿದ್ದವು. ನಮ್ಮ ಜಿಲ್ಲಾ ಕೇಂದ್ರಕ್ಕೆ ಮಾತ್ರ ತಂತಿಯ ಕಾಲ ಮುಗಿದ ಮೇಲೆ ಹಳಿ ಬಂತು. ಕಾಫಿ ಬೆಟ್ಟಗಳಿಗೆ ಸುದ್ದಿ ಬಂದ ಚರಿತ್ರೆ ಬಯಲುಸೀಮೆಯ ಕ್ರಮದಲ್ಲಿ ನಡೆದದ್ದಲ್ಲ. ಅದನ್ನು ಬೇರೆಯಾಗಿಯೇ ಬರೆದಿಡಬೇಕು.

ತಂತಿ ಕಚೇರಿ ಮುಚ್ಚಿತು, ಆದರೆ ತಂತಿಯ ವಿದ್ಯೆ ಸಾಯಲಿಲ್ಲ. ಮೋರ್ಸ್ ಕೀಲಿ ಒತ್ತಿದರೆ ವಿದ್ಯುತ್ ಹರಿಯುತ್ತಿತ್ತು, ಕೈ ತೆಗೆದರೆ ನಿಲ್ಲುತ್ತಿತ್ತು. ಹರಿಯುವುದು, ನಿಲ್ಲುವುದು, ಇವೆರಡರಲ್ಲೇ ಸಾವು, ಮದುವೆ, ಪರೀಕ್ಷೆಯ ಫಲಿತಾಂಶ, ಲಂಡನ್ನಿನ ಕಾಫಿ ದರ ಎಲ್ಲವೂ ಬರುತ್ತಿದ್ದವು. ಇಂದು ಮೂಡಿಗೆರೆ ಸೀಮೆಯ ಗ್ರಾಮ ಪಂಚಾಯ್ತಿಗೆ ಇಂಟರ್ನೆಟ್ ತರುವ ಗಾಜಿನ ಎಳೆಯಲ್ಲಿ ನಡೆಯುವುದೂ ಅದೇ. ಬೆಳಕು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನುರಿತ ತಂತಿ ಗುಮಾಸ್ತನ ಬೆರಳು ಒಂದು ಸೆಕೆಂಡನ್ನು ಇಪ್ಪತ್ತು ಚಿಲ್ಲರೆ ಇದೆ–ಇಲ್ಲಗಳಾಗಿ ಒಡೆಯಬಲ್ಲದಾಗಿತ್ತು. ಪಂಚಾಯ್ತಿಯ ಎಳೆಯಲ್ಲಿ ಬೆಳಕು ಅದೇ ಸೆಕೆಂಡನ್ನು ಸುಮಾರು 249 ಕೋಟಿ ಇದೆ–ಇಲ್ಲಗಳಾಗಿ ಒಡೆಯುತ್ತದೆ. ವೇಗ ಹತ್ತು ಕೋಟಿ ಪಟ್ಟು ಏರಿದೆ, ವಿಧಾನ ಹಳೆಯದೇ. ಈ ನಡುವೆ ಜಗತ್ತಿನ ದೊಡ್ಡ ಕೇಬಲ್‌ಗಳಲ್ಲಿ ಬೆಳಕಿಗೆ ಮಾತು ಹೊರಿಸುವ ಕ್ರಮ, ಅಂದರೆ ಮಾಡ್ಯುಲೇಷನ್, ಗುರುತೇ ಸಿಗದಷ್ಟು ಬದಲಾಯಿತು. ಆ ಬದಲಾವಣೆಯಲ್ಲಿ ಕನ್ನಡ ನಾಡಿಗೂ ಪಾಲಿದೆ.

ತೋಟಗಾರನಿಗೆ ದೂರದ ಸುದ್ದಿ ಯಾವತ್ತೂ ಬದುಕಿನ ಪ್ರಶ್ನೆ. ಮಲೆನಾಡಿನ ಕಾಫಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಹದವಾಗಿ, ಹಡಗು ಹತ್ತುತ್ತಿತ್ತು. ಬೆಲೆ ನಿಷ್ಕರ್ಷೆಯಾಗುತ್ತಿದ್ದದ್ದು ಸಮುದ್ರದಾಚೆ. 1870ರಲ್ಲಿ ಬೊಂಬಾಯಿಗೂ ಲಂಡನ್ನಿಗೂ ಸಮುದ್ರದಡಿಯ ತಂತಿ ಕೂಡಿದ ಮೇಲೆ ವಾರಗಟ್ಟಲೆ ಹಡಗಿನಲ್ಲಿ ಬರುತ್ತಿದ್ದ ದರದ ಸುದ್ದಿ ಗಂಟೆಗಳಲ್ಲಿ ಇಂಡಿಯಾ ತಲುಪತೊಡಗಿತು. ಅಲ್ಲಿಂದ ಬೆಟ್ಟದ ತೋಟಕ್ಕೆ ಬರುವುದು ಬೇರೆಯೇ ಮಾತು. ಮಳೆಗಾಲದಲ್ಲಿ ಹೊಳೆ ದಾಟಿ ತಂತಿ ಕಾಗದ ತರುವವನು ಬರಬೇಕಿತ್ತು.

ಟೆಲಿಫೋನ್ ಬಂದ ಮೇಲೂ ಈ ಕೊನೆಯ ಹತ್ತು ಮೈಲಿಯ ಕಷ್ಟ ಕರಗಲಿಲ್ಲ. ಎಕ್ಸ್‌ಚೇಂಜಿಗೆ ಹೇಳಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ ಆದರೆ ಸಂಜೆಯಾದರೂ ಆಯಿತು, ಅರ್ಜೆಂಟ್ ಆದರೆ ದುಪ್ಪಟ್ಟು ದುಡ್ಡು, ಲೈಟ್ನಿಂಗ್ ಕಾಲ್ ಅಂದರೆ ಮನೆಯಲ್ಲಿ ಏನೋ ಅನಾಹುತವೇ ಆಗಿರಬೇಕು. ಗಾಳಿಮಳೆಗೆ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಮಲಗಿದರೆ ತಿಂಗಳ ಮಾತು ನಿಂತಂತೆ. ಆದರೂ ಆ ತಾಮ್ರದ ಜೋಡಿ ತಂತಿಗೆ ಒಂದು ಗುಣವಿತ್ತು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ಶಕ್ತಿಯನ್ನು ಅದೇ ತಂತಿ ಮನೆಯವರೆಗೆ ಹೊತ್ತು ತರುತ್ತಿತ್ತು. ಕರೆಂಟ್ ಹೋಗಿ ವಾರವಾದರೂ, ತಂತಿ ತುಂಡಾಗದಿದ್ದರೆ, ಫೋನ್ ಜೀವ ಹಿಡಿದಿರುತ್ತಿತ್ತು. ಈ ಗುಣವನ್ನು ನೆನಪಿಡಬೇಕು. ಗಾಜಿನ ಎಳೆಗೆ ಅದಿಲ್ಲ.

1978ರ ನವೆಂಬರಿನಲ್ಲಿ ಇಡೀ ಜಗತ್ತಿನ ಕಣ್ಣು ಚಿಕ್ಕಮಗಳೂರಿನ ಮೇಲೆ ಬಿತ್ತು. ಲೋಕಸಭೆಯ ಉಪಚುನಾವಣೆಗೆ ಇಂದಿರಾ ಗಾಂಧಿ ಇಲ್ಲಿ ನಿಂತರು, ಎದುರಾಳಿ ವೀರೇಂದ್ರ ಪಾಟೀಲ. ದೇಶವಿದೇಶದ ವರದಿಗಾರರು ಬಂದಿಳಿದರು. ಅವರ ಸುದ್ದಿಯೆಲ್ಲ ಹೊರಗೆ ಹೋಗಬೇಕಾದದ್ದು ಅಂದಿನ ತಂತಿ, ಟೆಲೆಕ್ಸ್, ಟ್ರಂಕ್ ಕಾಲ್‌ಗಳ ಮೂಲಕವೇ. ಇಂದಿರಾ ಗಾಂಧಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮರುವರ್ಷವೇ, 1979ರಲ್ಲಿ, ಪುಣೆಯಲ್ಲಿ ಎರಡು ಎಕ್ಸ್‌ಚೇಂಜ್‌ಗಳ ನಡುವೆ ದೇಶದ ಮೊದಲ ಆಪ್ಟಿಕಲ್ ಫೈಬರ್ ಸಂಪರ್ಕ ಕೆಲಸಕ್ಕೆ ಬಂತು. ಚಿಕ್ಕಮಗಳೂರಿನವರಿಗೆ ಅದು ಗೊತ್ತಾಗುವ ಸುದ್ದಿಯಾಗಿರಲಿಲ್ಲ.

ಆ ಹೊತ್ತಿಗೆ ಗಾಜಿನ ಕಥೆಗೆ ಕಾಲು ಶತಮಾನ ತುಂಬಿತ್ತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಸೇರಿ, ಬಾಗಿದ ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರವನ್ನು ಸಾಗಿಸಿ ತೋರಿಸಿದ್ದರು. ಆದರೆ ಕೆಲವು ಮೀಟರ್ ದಾಟುವಷ್ಟರಲ್ಲಿ ಬೆಳಕು ನಂದುತ್ತಿತ್ತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ದೋಷ ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದರು. ಒಂದು ಕಿಲೋಮೀಟರ್ ಹೋದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ದೂರಸಂಪರ್ಕ ಸಾಧ್ಯ ಎಂಬುದು ಅವರ ಲೆಕ್ಕ. ನಾಲ್ಕೇ ವರ್ಷಕ್ಕೆ, 1970ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿ ಅದಕ್ಕಿಂತ ಒಳ್ಳೆಯ ಎಳೆ ತೆಗೆಯಿತು. ಇಂದಿನ ಎಳೆಯಲ್ಲಿ ಹದಿನೈದು ಕಿಲೋಮೀಟರ್ ಸಾಗಿದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಮನುಷ್ಯ ಮಾಡಿದ ಇಷ್ಟು ನಿರ್ಮಲವಾದ ಪದಾರ್ಥ ಇನ್ನೊಂದಿದೆಯೇ ಎಂದು ನನಗೆ ಪ್ರತಿ ಸಲವೂ ಬೆರಗಾಗುತ್ತದೆ. ಕಾವೊಗೆ ನೊಬೆಲ್ ಬರಲು 2009ರವರೆಗೆ ಕಾಯಬೇಕಾಯಿತು.

ನಮ್ಮ ಹಳ್ಳಿಗಳಿಗೆ ಬೇಕಾದದ್ದು ಮಾತ್ರ ಇನ್ನೂ ಸರಳವಾದ ಸಂಗತಿ, ಧೂಳು ಸೆಕೆಗೆ ಕೆಡದ ಎಕ್ಸ್‌ಚೇಂಜು. ದೂರಸಂಪರ್ಕ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಈ ಯೋಚನೆಯನ್ನು ಮುಂದಿಟ್ಟದ್ದು ಮತ್ತೆ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರೆದುರು. 1984ರ ಆಗಸ್ಟಿನಲ್ಲಿ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಏರ್ ಕಂಡೀಷನ್ ಬೇಡದ, 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ನಿಂತದ್ದು ನಮ್ಮ ನಾಡಿನ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಅದರ ಬಳಗದ ಪೆಟ್ಟಿಗೆಗಳು ಮುಂದೆ ದೇಶದ ಹಳ್ಳಿ ಹಳ್ಳಿಗೆ ಹೋದವು, ಎಸ್‌ಟಿಡಿ ಬೂತ್‌ಗಳ ಹಳದಿ ಬೋರ್ಡು ಸಂತೆಬೀದಿಗಳಿಗೆ ಬಂತು. ಊರೂರಿನ ಎಕ್ಸ್‌ಚೇಂಜ್‌ಗಳನ್ನು ಒಂದಕ್ಕೊಂದು ಹೆಣೆಯಲು ತಾಮ್ರ ಸಾಲದಾದಾಗ ಅವುಗಳ ನಡುವೆ ಫೈಬರ್ ಇಳಿಯಿತು. ಮಾತನಾಡುವವರಿಗೆ ಅದು ಕಾಣಲಿಲ್ಲ. ಬೆಂಗಳೂರಿನ ಕರೆ ಪಕ್ಕದ ಮನೆಯವರು ಮಾತಾಡಿದಂತೆ ಕೇಳುತ್ತದೆ ಎಂಬುದಷ್ಟೇ ಗೊತ್ತಾಯಿತು.

1996ರಲ್ಲಿ ಕಾಫಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಲ್ಲಿಯವರೆಗೆ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಹಾಕಿ ಕಂತಿನ ಹಣಕ್ಕೆ ಕಾಯುತ್ತಿದ್ದವರು ತಾವೇ ಮಾರಬೇಕಾಯಿತು. ಅರೇಬಿಕಾದವರು ನ್ಯೂಯಾರ್ಕಿನ ದರ ನೋಡಬೇಕು, ರೊಬಸ್ಟಾದವರು ಲಂಡನ್ನಿನದು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಬಣಕಲ್‌ನಲ್ಲಿ ಬೆಲೆ ಏರುತ್ತದೆ, 1994ರಲ್ಲಿ ಏರಿದ್ದು ಎಲ್ಲರಿಗೂ ನೆನಪಿತ್ತು. ಹೀಗೆ ಮಲೆನಾಡಿನ ಕೆಲವು ಮನೆಗಳಿಗೆ ಕಂಪ್ಯೂಟರೂ ಅದರ ಜೊತೆ ಮೋಡೆಮ್ಮೂ ಬಂದವು. ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ತಮ್ಮ ಮನೆ ‘ನಿರುತ್ತರ’ದಲ್ಲಿ ಕುಳಿತು ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನಲ್ಲಿ ಕನ್ನಡ ಹೇಗಿರಬೇಕೆಂದು ತಲೆಕೆಡಿಸಿಕೊಂಡಿದ್ದೂ ಆ ವರ್ಷಗಳಲ್ಲೇ.

ಆ ಮೋಡೆಮ್ ಫೋನ್ ಹಿಡಿದು ಕಿರುಚುತ್ತಿತ್ತಲ್ಲ, ಆ ಕಿರುಚಾಟದೊಳಗೆ ಬೆಳಕಿನ ಮುಂದಿನ ಚರಿತ್ರೆ ಅಡಗಿತ್ತು. ಟೆಲಿಫೋನಿನಲ್ಲಿ ಮಾತಿಗೆಂದು ಇರುವ ದಾರಿ ಸೆಕೆಂಡಿಗೆ ಮೂರು ಸಾವಿರ ಚಿಲ್ಲರೆ ಅಲೆಗಳಿಗಿಂತ ಹೆಚ್ಚನ್ನು ಬಿಡುವುದಿಲ್ಲ. ಅಂಥ ದಾರಿಯಲ್ಲಿ ಮೋಡೆಮ್ ಸೆಕೆಂಡಿಗೆ 33,600 ಬಿಟ್ ನುಗ್ಗಿಸುತ್ತಿತ್ತು. ಬರಿಯ ಇದೆ–ಇಲ್ಲದಿಂದ ಅದು ಆಗುವಂಥದ್ದಲ್ಲ. ಅಲೆಯ ಎತ್ತರವನ್ನೂ ಬದಲಿಸಬೇಕು, ಅದು ಏಳುವ ಗಳಿಗೆಯನ್ನೂ ಬದಲಿಸಬೇಕು. ಈ ಗಳಿಗೆಗೆ ಫೇಸ್ ಎನ್ನುತ್ತಾರೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಇಬ್ಬರ ಕೈಯ ಬಿರುಸೂ ಒಂದೇ, ಲಯವೂ ಒಂದೇ, ಬೀಳುವ ಗಳಿಗೆ ಮಾತ್ರ ಬೇರೆ. ಕಣ್ಣು ಮುಚ್ಚಿ ಕೇಳಿದರೂ ಯಾರ ಪೆಟ್ಟು ಯಾವುದೆಂದು ತಿಳಿಯುತ್ತದೆ. ಅಲೆಯಲ್ಲೂ ಹಾಗೆ ನಾಲ್ಕು ಗಳಿಗೆಗಳನ್ನು ಗುರುತಿಸಬಹುದಾದರೆ ಒಂದು ಪೆಟ್ಟಿಗೆ ಎರಡು ಬಿಟ್. ಅದಕ್ಕೆ ಎತ್ತರದ ಭೇದವನ್ನೂ ಸೇರಿಸಿ ಹದಿನಾರು ಬಗೆ ಮಾಡಿದರೆ ನಾಲ್ಕು ಬಿಟ್. ಈ ಕೂಡು ವಿಧಾನದ ಹೆಸರು ಕ್ಯೂಎಎಂ.

ಟೆಲಿಫೋನ್ ಮೋಡೆಮ್‌ಗೆ ಕ್ಯೂಎಎಂ ತಂದವರಲ್ಲಿ ಮೊದಲಿಗರು ಅಮೆರಿಕದ ಕೋಡೆಕ್ಸ್ ಕಂಪನಿಯವರು, 1971ರಲ್ಲಿ. ಅದೇ ಕಂಪನಿಯಲ್ಲಿ ಎಂಬತ್ತರ ದಶಕದಲ್ಲಿ ಕೆಲಸ ಕಲಿತವರು ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ. ಮದ್ರಾಸಿನ ಐಐಟಿಯಲ್ಲಿ ಓದಿ, ಕೆನಡಾದಲ್ಲಿ ಡಾಕ್ಟರೇಟ್ ಮಾಡಿ, ಮೊದಲು ಕ್ಯಾಸ್ಕೇಡ್ ಎಂಬ ಕಂಪನಿಯನ್ನು, ಬಳಿಕ 1998ರಲ್ಲಿ ಬೆಳಕಿನ ಜಾಲಕ್ಕೆಂದೇ ಸಿಕಮೋರ್ ನೆಟ್‌ವರ್ಕ್ಸ್ ಕಟ್ಟಿದರು. 2000ದಲ್ಲಿ ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಹುಟ್ಟಿದಾಗ ಅದರ ಬೆನ್ನಿಗೆ ನಿಂತವರೂ ಅವರೇ. ತೇಜಸ್ ಸ್ಥಾಪಕರಲ್ಲಿ ಒಬ್ಬರಾದ ಕುಮಾರ್ ಶಿವರಾಜನ್ ಅದಕ್ಕೆ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದವರು; ರಾಜೀವ್ ರಾಮಸ್ವಾಮಿಯವರ ಜೊತೆ ಅವರು ಬರೆದ ಆಪ್ಟಿಕಲ್ ಜಾಲಗಳ ಪಠ್ಯಪುಸ್ತಕ ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತದೆ. ಹೊರದೇಶದ ಪೆಟ್ಟಿಗೆ ತಂದು ಕೂಡಿಸುವುದರ ಬದಲು ಇಲ್ಲಿಯೇ ವಿನ್ಯಾಸ ಮಾಡುತ್ತೇವೆಂದು ಹೊರಟ ಈ ಜನರ ಛಲವನ್ನು ನಮ್ಮ ಚರಿತ್ರೆಗಳು ಇನ್ನೂ ಸರಿಯಾಗಿ ಬರೆದಿಲ್ಲ. 2001ರ ಸುಮಾರಿನಲ್ಲಿ ಜಗತ್ತಿನ ಟೆಲಿಕಾಂ ಪೇಟೆ ಕುಸಿದುಬಿತ್ತು, ಭೂಮಿಯೊಳಗೆ ಹೂತ ಫೈಬರ್ ಕೇಳುವವರಿಲ್ಲದೆ ಕತ್ತಲಲ್ಲಿ ಮಲಗಿತು. ಅದೇ ವರ್ಷಗಳಲ್ಲಿ ಕಾಫಿ ಬೆಲೆಯೂ ನೆಲ ಕಚ್ಚಿತ್ತು.

ಬೆಳಕಿನ ಕಡೆಯಲ್ಲಿ ಈ ಹೊತ್ತಿಗೆ ಎರಡು ಸುಲಭದ ದಾರಿ ಬಳಕೆಯಾಗಿ ಮುಗಿದಿದ್ದವು. ಒಂದು, ಒಂದೇ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು ಬಿಟ್ಟು ಒಂದೊಂದಕ್ಕೂ ಬೇರೆ ಸುದ್ದಿ ಹೊರಿಸುವುದು. 1987ರಲ್ಲಿ ಎರ್ಬಿಯಂ ಬೆರೆಸಿದ ಫೈಬರಿನ ವರ್ಧಕ ಸಿಕ್ಕಿದ್ದರಿಂದ ಎಲ್ಲ ಬಣ್ಣಗಳನ್ನೂ ಒಟ್ಟಿಗೆ, ಬೆಳಕಾಗಿಯೇ, ಬಲಪಡಿಸಬಹುದಾಯಿತು. ಎರಡು, ಮಿಡಿತದ ವೇಗ ಏರಿಸುವುದು. ಇಲ್ಲಿ ಗೋಡೆ ಎದುರಾಯಿತು. ಒಂದು ಮಿಡಿತದೊಳಗಿನ ಬೇರೆ ಬೇರೆ ಬಣ್ಣಗಳು ಗಾಜಿನಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ, ಮಿಡಿತ ಹರಡಿಕೊಂಡು ಹಿಂದುಮುಂದಿನದರ ಮೇಲೆ ಬೀಳುತ್ತದೆ. ವೇಗ ನಾಲ್ಕು ಪಟ್ಟಾದರೆ ಈ ತೊಂದರೆ ಹದಿನಾರು ಪಟ್ಟು. ಸೆಕೆಂಡಿಗೆ 10 ಗಿಗಾಬಿಟ್ ಇರುವಾಗ ಅರವತ್ತು ಎಪ್ಪತ್ತು ಕಿಲೋಮೀಟರ್ ನಿಭಾಯಿಸುತ್ತಿದ್ದ ಎಳೆ, 40 ಗಿಗಾಬಿಟ್‌ಗೆ ನಾಲ್ಕೈದು ಕಿಲೋಮೀಟರಿಗೇ ಕೈಚೆಲ್ಲಿತು.

ಮೋಡೆಮ್ಮಿನ ಹಳೆಯ ವಿದ್ಯೆ ಆಗ ಬೆಳಕಿನ ನೆರವಿಗೆ ಬಂತು. ಬೆಳಕೂ ಅಲೆಯೇ, ಅದಕ್ಕೂ ಗಳಿಗೆಯಿದೆ. ಆದರೆ ಅದು ಸೆಕೆಂಡಿಗೆ ಸುಮಾರು 200 ಲಕ್ಷ ಕೋಟಿ ಸಲ ಏರಿಳಿಯುವ ಅಲೆ. ಅದರ ಗಳಿಗೆಯನ್ನು ಯಾವ ಉಪಕರಣ ನೇರವಾಗಿ ಓದೀತು? ಬಂದ ಬೆಳಕಿನ ಜೊತೆ ಅದೇ ಬಣ್ಣದ ಇನ್ನೊಂದು ಲೇಸರನ್ನು ಬೆರೆಸಿದರೆ ಎರಡರ ವ್ಯತ್ಯಾಸ ವಿದ್ಯುತ್ತಾಗಿ ಸಿಗುತ್ತದೆ. ಈ ಯೋಚನೆ ಎಂಬತ್ತರ ದಶಕದ್ದೇ. ವರ್ಧಕ ಸಿಕ್ಕಿದ ಮೇಲೆ ಬದಿಗೆ ಸರಿದಿದ್ದ ಅದನ್ನು 2005ರ ಆಸುಪಾಸಿನಲ್ಲಿ ಸಂಶೋಧಕರು ಮತ್ತೆ ಕೈಗೆತ್ತಿಕೊಂಡರು. ಆಗ ವೇಗದ ಚಿಪ್‌ಗಳು ಬಂದಿದ್ದವು, ಹರಡಿಹೋದ ಮಿಡಿತವನ್ನು ಲೆಕ್ಕ ಮಾಡಿಯೇ ಒಟ್ಟುಗೂಡಿಸಬಹುದಾಗಿತ್ತು. 2008ರಲ್ಲಿ ಕೆನಡಾದ ನಾರ್ಟೆಲ್ ಇಂಥ 40 ಗಿಗಾಬಿಟ್ ವ್ಯವಸ್ಥೆಯನ್ನು ಪೇಟೆಗೆ ತಂದಿತು. ನಾಲ್ಕು ಗಳಿಗೆಗಳು, ಜೊತೆಗೆ ಅಲೆ ಅಡ್ಡಕ್ಕೂ ಉದ್ದಕ್ಕೂ ಕಂಪಿಸುವ ಎರಡು ಧ್ರುವೀಕರಣಗಳು, ಒಟ್ಟು ಪ್ರತಿ ಮಿಡಿತಕ್ಕೆ ನಾಲ್ಕು ಬಿಟ್. ಮುಂದೆ ಸೆಕೆಂಡಿಗೆ ಸುಮಾರು 3,000 ಕೋಟಿ ಮಿಡಿತದಿಂದಲೇ, ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಕಳೆದು, 100 ಗಿಗಾಬಿಟ್ ಸಾಧ್ಯವಾಯಿತು.

ಈ ಘಟನೆಯ ಮಹತ್ವ ನನಗೆ ಕಾಣುವುದು ಒಂದೇ ಮಾತಿನಲ್ಲಿ: ಗಾಜು ಬದಲಾಗಲಿಲ್ಲ. 10 ಗಿಗಾಬಿಟ್‌ಗೆಂದು ಹೂತಿದ್ದ ಅದೇ ಎಳೆ, ಎರಡು ತುದಿಯ ಪೆಟ್ಟಿಗೆ ಬದಲಿಸಿದ ಕೂಡಲೇ ಒಂದೊಂದು ಬಣ್ಣಕ್ಕೂ 100 ಗಿಗಾಬಿಟ್ ಹೊತ್ತಿತು. ಆಮೇಲೆ 16 ಬಗೆಯ, 64 ಬಗೆಯ ಕ್ಯೂಎಎಂ ಬಂದವು. ಬಗೆ ಹೆಚ್ಚಿದಷ್ಟೂ ಒಂದಕ್ಕೂ ಇನ್ನೊಂದಕ್ಕೂ ಅಂತರ ಕಡಿಮೆ, ಸಣ್ಣ ಗದ್ದಲಕ್ಕೂ ಒಂದು ಇನ್ನೊಂದಾಗಿ ಕಾಣುತ್ತದೆ, ಆದ್ದರಿಂದ ಸಾಗುವ ದೂರ ಕುಗ್ಗುತ್ತದೆ. ಬೆಳಕಿನ ಬಲ ಏರಿಸಿ ಗೆಲ್ಲೋಣವೆಂದರೆ ಗಾಜೇ ಬೆಳಕನ್ನು ತಿರುಚುತ್ತದೆ. ಒಂದು ದಾರಿಯಲ್ಲಿ ಎಷ್ಟು ಸುದ್ದಿ ತಪ್ಪಿಲ್ಲದೆ ಹೋಗಬಹುದೆಂದು ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಬರೆದಿಟ್ಟ ಮಿತಿಯ ಹತ್ತಿರಕ್ಕೆ ಈಗಿನ ಸಾಧನಗಳು ಬಂದು ನಿಂತಿವೆ.

ಕಾಫಿ ಬೆಟ್ಟಗಳಿಗೆ ಇದರ ಪಾಲು ಹೇಗೆ ಬಂತು? ಮೊದಲು ತಾಮ್ರದ ಮೇಲಿನ ಬ್ರಾಡ್‌ಬ್ಯಾಂಡ್ ಬಂತು, 2005ರ ನಂತರ. ಅದು ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರಿನಾಚೆ ನಡೆಯುವುದಿಲ್ಲ. ಪೇಟೆಯವರಿಗೆ ಸಿಕ್ಕಿತು, ತೋಟದವರಿಗೆ ಇಲ್ಲ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಅದಕ್ಕೆ ಆರಿಸಿದ ತಂತ್ರ ಜಿಪಾನ್. ಸಿ-ಡಾಟ್ ಇದನ್ನು ಇಲ್ಲಿಯೇ ರೂಪಿಸಿತು, ತೇಜಸ್ ಕೂಡ ಸಾಧನ ಒದಗಿಸಿದ ಕಂಪನಿಗಳಲ್ಲಿ ಒಂದು. ಎಕ್ಸ್‌ಚೇಂಜಿನ ಒಂದು ಲೇಸರಿನ ಬೆಳಕನ್ನು ದಾರಿಯಲ್ಲಿ ಕರೆಂಟೇ ಬೇಡದ ಗಾಜಿನ ಕವಲುಗಳು ಹಂಚುತ್ತವೆ. ಇಳಿಯುವ ಸುದ್ದಿಗೆ 1490 ನ್ಯಾನೊಮೀಟರಿನ ಬೆಳಕು, ಏರುವ ಸುದ್ದಿಗೆ 1310ರದ್ದು, ಎಳೆ ಒಂದೇ. ಮಾಡ್ಯುಲೇಷನ್ ಮಾತ್ರ ಹಳೆಯ ತಂತಿಯದು, ಇದೆ–ಇಲ್ಲ. ಪೆಟ್ಟಿಗೆ ಅಗ್ಗವಾಗಿರಬೇಕು, ಕೆಟ್ಟರೆ ಬದಲಿಸಲು ಸುಲಭವಾಗಿರಬೇಕು. ಬೆಟ್ಟದೂರಿನ ಮಟ್ಟಿಗೆ ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಆದರೆ ಬೆಳಕಿಗೆ ಲೆಕ್ಕವಿದೆ. ಜಿಪಾನ್ ಸಾಮಾನ್ಯವಾಗಿ ಇಪ್ಪತ್ತು ಕಿಲೋಮೀಟರಿನ ವ್ಯವಹಾರ. 28 ಡೆಸಿಬಲ್‌ವರೆಗಿನ ನಷ್ಟವನ್ನಷ್ಟೇ ತಡೆದುಕೊಳ್ಳುತ್ತದೆ. ಒಂದು ಕವಲು ಎರಡಾದರೆ ಮೂರು ಡೆಸಿಬಲ್, ಅಂದರೆ ಅರ್ಧ ಬೆಳಕು, ಹೋಯಿತು, ಮೂವತ್ತೆರಡಾದರೆ ಹದಿನೈದಕ್ಕೂ ಮೇಲೆ. ಮೂಡಿಗೆರೆಯಿಂದ ಬೆಟ್ಟಗಳ ನಡುವಿನ ಕಳಸ ಪಟ್ಟಣಕ್ಕೆ ಇಪ್ಪತ್ತರ ಎರಡು ಪಟ್ಟಿಗೂ ಮಿಕ್ಕಿದ ದಾರಿ. ಅಂದರೆ ನಡುವೆ ಎಕ್ಸ್‌ಚೇಂಜು ಬೇಕು, ಅಲ್ಲಿ ಕರೆಂಟು ಬೇಕು, ಬ್ಯಾಟರಿ ಬೇಕು, ಜನರೇಟರಿಗೆ ಡೀಸೆಲ್ ಬೇಕು.

ಕೇಬಲ್ ಕಟ್ ಆದಾಗ ಜಾಯಿಂಟ್ ಹಾಕುವವರ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಮೊದಲು ಎಕ್ಸ್‌ಚೇಂಜಿನಲ್ಲಿ ಓಟಿಡಿಆರ್ ಎಂಬ ಉಪಕರಣ ಹಚ್ಚುತ್ತಾರೆ. ಅದು ಎಳೆಯೊಳಗೆ ಒಂದು ಮಿಡಿತ ಬಿಟ್ಟು, ಹಿಂದಕ್ಕೆ ಚದುರಿ ಬರುವ ಬೆಳಕಿನ ಸಮಯ ಅಳೆಯುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಎಂಬ ಲೆಕ್ಕದಿಂದ ಕಟ್ ಎಷ್ಟನೇ ಕಿಲೋಮೀಟರಿನಲ್ಲಿದೆ ಎಂದು ಪರದೆ ಹೇಳುತ್ತದೆ. ಬಳಿಕ ಅಲ್ಲಿಗೆ ಹೋಗಿ, ರಸ್ತೆ ಬದಿಯ ಕೆಸರಿನಲ್ಲಿ ಟಾರ್ಪಾಲು ಕಟ್ಟಿ ಕೂರುತ್ತಾರೆ. ಬಣ್ಣ ಬಣ್ಣದ ಎಳೆಗಳಲ್ಲಿ ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ ಹುಡುಕಬೇಕು. ಮೇಲಿನ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿಯನ್ನು ನೇರಕ್ಕೆ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್ನಿನ ಎರಡು ಬದಿಗೆ ಇಡಬೇಕು. ಎಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ, ಬೆಳಕು ಓಡುವ ನಡುಭಾಗ ಅದರಲ್ಲಿ ಬರೀ ಒಂಬತ್ತು ಮೈಕ್ರಾನ್. ಮೆಷಿನ್ ಕಿಡಿ ಹಾರಿಸಿ ಎರಡು ತುದಿಗಳನ್ನು ಕರಗಿಸಿ ಬೆಸೆಯುತ್ತದೆ. ಬೆರಳಿನಲ್ಲಿ ಒಂದು ತೊಟ್ಟು ಮಳೆನೀರಿದ್ದರೆ ಮತ್ತೆ ಮೊದಲಿಂದ. ಒಂದು ಎಳೆ ಮುಗಿದ ಮೇಲೆ ಇನ್ನೂ ಇಪ್ಪತ್ತಮೂರು ಕಾದಿರುತ್ತವೆ. ನ್ಯೂಯಾರ್ಕಿನ ದರ ನಮ್ಮ ಫೋನಿನಲ್ಲಿ ಕಾಣುವುದು ಈ ಕೈಗಳ ಹದದಿಂದ. ಅವರ ಕೂಲಿಯೂ ಸೌಕರ್ಯವೂ ಅದಕ್ಕೆ ತಕ್ಕಂತೆ ಇರಬೇಕು.

2019ರ ಆಗಸ್ಟಿನ ಮಳೆ ಮರೆಯುವಂಥದ್ದಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ಗದ್ದೆ, ತೋಟ ಮಣ್ಣಾದವು. ಚಾರ್ಮಾಡಿ ಘಾಟಿ ಮುಚ್ಚಿತು. ಭದ್ರೆ ಉಕ್ಕಿದಾಗೆಲ್ಲ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ದಾರಿ ನಿಲ್ಲುತ್ತಿತ್ತು. ಗುಡ್ಡ ಜಾರಿದರೆ ಅದರೊಳಗೆ ಹೂತ ಕೇಬಲ್ ಮಾತ್ರ ಹೇಗೆ ಉಳಿದೀತು? ಮರುವರ್ಷ ಕೊರೊನಾ ಬಂದಾಗ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕುತ್ತ ಕೊಡೆ ಹಿಡಿದು ಗುಡ್ಡ ಹತ್ತಿದರು. ಬೆಂಗಳೂರಿನಿಂದ ಮರಳಿದ ಸಾಫ್ಟ್‌ವೇರ್ ಹುಡುಗರೂ ಇಂಟರ್ನೆಟ್ಟಿಗೆ ಬೇಡಿಕೆ ಇಟ್ಟರು. ಸ್ಥಳೀಯ ಕೇಬಲ್‌ನವರು ಬಿಎಸ್‌ಎನ್‌ಎಲ್ ಜೊತೆ ಸೇರಿ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಫೈಬರ್ ಎಳೆದರು. ಎಷ್ಟೋ ಮನೆಗೆ ಬೆಳಕು ಬಂದದ್ದು ಹೀಗೆ, ಸರ್ಕಾರದ ಯೋಜನೆಗಿಂತ ಹೆಚ್ಚಾಗಿ ಇಂಥವರ ಓಡಾಟದಿಂದ. ಈಗಲೂ ಮರ ಬಿದ್ದರೆ ಸಂಪರ್ಕ ಹೋಗುತ್ತದೆ. ಮನೆಯ ಕರೆಂಟು ಹೋದರೂ ಹೋಗುತ್ತದೆ, ಏಕೆಂದರೆ ಗಾಜು ಬೆಳಕನ್ನು ತರುತ್ತದೆ, 48 ವೋಲ್ಟನ್ನು ತರುವುದಿಲ್ಲ.

ಇನ್ನು ಮುಂದಿನ ವೇಗಕ್ಕೆ ಈ ಬೆಟ್ಟಗಳಲ್ಲಿ ಹೊಸ ಗಾಜು ಬೇಕಿಲ್ಲ. ಜಿಪಾನ್ ನಂತರದ 10 ಗಿಗಾಬಿಟ್ಟಿನ ಪೆಟ್ಟಿಗೆಗಳು ಅದೇ ಎಳೆಯಲ್ಲಿ, ಬೇರೆ ಬಣ್ಣದಲ್ಲಿ, ಹಳೆಯದರ ಜೊತೆಗೇ ನಡೆಯುತ್ತವೆ. 50 ಗಿಗಾಬಿಟ್ಟಿನದಕ್ಕೂ 2021ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ಅದರಲ್ಲೂ ಬೆಳಕು ಇದೆ–ಇಲ್ಲ ಎಂದೇ ಮಿಡಿಯುತ್ತದೆ. ಬೇಕಾದದ್ದು ಇನ್ನೊಂದು ದಾರಿ. ಕಳಸಕ್ಕೆ ಕೊಟ್ಟಿಗೆಹಾರದ ಕಡೆಯಿಂದಲೂ ಬರಬಹುದು, ಬಾಳೆಹೊನ್ನೂರಿನ ಕಡೆಯಿಂದಲೂ ಬರಬಹುದು, ಕಾರ್ಕಳದಿಂದ ಕುದುರೆಮುಖ ಹತ್ತಿಯೂ ಬರಬಹುದು. ಇವುಗಳಲ್ಲಿ ಎರಡು ದಾರಿಯ ಫೈಬರ್ ಕಳಸದಲ್ಲಿ ಕೂಡಿ ಉಂಗುರವಾದರೆ, ಒಂದು ಕಡೆ ಗುಡ್ಡ ಜಾರಿದ ಕೂಡಲೇ ಸುದ್ದಿ ಇನ್ನೊಂದು ಕಡೆಗೆ ಹೊರಳುತ್ತದೆ. ಅದಕ್ಕೆ ಹಿಡಿಯುವ ಹೊತ್ತು 50 ಮಿಲಿಸೆಕೆಂಡ್, ಕಳಸದ ಆಸ್ಪತ್ರೆಯಿಂದ ಮಂಗಳೂರಿನ ಡಾಕ್ಟರ ಜೊತೆ ಮಾತಾಡುತ್ತಿರುವವರಿಗೆ ಗೊತ್ತೂ ಆಗದಷ್ಟು.